ಸೌದೆ ಕೊಯ್ಯುವ ಚೈನ್ ಗರಗಸ: ಅದು ಬಂದ ದಾರಿ, ನಾವು ಆರಿಸುವ ಬಗೆ



ಮಳೆ ಹಿಡಿಯುವ ಮುಂಚೆ ಸೌದೆ ಕೂಡಿಡುವುದು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ಕೆಲಸ. ಅಡಿಗೆಮನೆಗೆ ಗ್ಯಾಸ್ ಬಂದಿದೆ, ನಿಜ. ಆದರೆ ಬಚ್ಚಲಿನ ಹಂಡೆ ಒಲೆ ಇನ್ನೂ ಆರಿಲ್ಲ. ಮಲೆನಾಡಿನಲ್ಲಿ ಅಡಿಕೆ ಬೇಯಿಸಬೇಕು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳಿಗೆ ಬೆಂಕಿ ಬೇಕು. ಮನೆಯಲ್ಲಿ ಮದುವೆ ಬಂತೆಂದರೆ ದೊಡ್ಡ ಒಲೆ ಹೂಡಲೇಬೇಕು. ಇಷ್ಟಕ್ಕೂ ಸೌದೆ ಬೇಕು. ಸೌದೆ ಎಂದರೆ ಮರವನ್ನು ಒಲೆಯ ಬಾಯಿಗೆ ಹಿಡಿಸುವಷ್ಟು ತುಂಡು ಮಾಡಬೇಕು. ಕಷ್ಟವೆಲ್ಲ ಇರುವುದು ಈ ತುಂಡು ಮಾಡುವುದರಲ್ಲೇ.

ನಮ್ಮ ಹಿರಿಯರು ಕೊಡಲಿಯಿಂದ ಕಡಿದರು. ದಪ್ಪ ದಿಮ್ಮಿಯಾದರೆ ಇಬ್ಬರು ಎದುರು ಬದುರು ಕೂತು ಗರಗಸ ಎಳೆದರು. ಈಗ ಊರೂರಿಗೂ ಪೆಟ್ರೋಲಿನ ಚೈನ್ ಗರಗಸ ಬಂದಿದೆ. ಮರ ಕೊಯ್ಯುವ ಮಿಷನ್ ಎಂದು ಕರೆಯುತ್ತೇವೆ. ಎರಡು ದಿನದ ಕೆಲಸವನ್ನು ಅರ್ಧ ದಿನದಲ್ಲಿ ಮುಗಿಸುತ್ತದೆ. ಹಾಗಾಗಿ ಮನೆಗೊಂದು ಮಿಷನ್ ತರೋಣ ಎಂಬ ಆಸೆ ಹಲವರಿಗೆ. ಅಂಗಡಿಗೆ ಹೋದರೆ ಹತ್ತು ಬಣ್ಣದ ಹತ್ತು ಮಿಷನ್ನು ಸಾಲಾಗಿ ನಿಂತಿರುತ್ತವೆ. ಯಾವುದು ಒಳ್ಳೆಯದು? ದೊಡ್ಡದೋ, ಸಣ್ಣದೋ? ಚೈನು ಯಾವ ತರಹದ್ದು?

ಈ ಪ್ರಶ್ನೆಗೆ ನೇರವಾಗಿ ಉತ್ತರ ಹೇಳುವ ಮೊದಲು ನಿಮಗೆ ಒಂದು ಚರಿತ್ರೆ ಹೇಳುತ್ತೇನೆ. ಅಂಗಡಿಗೆ ಹೋಗುವವನಿಗೆ ಚರಿತ್ರೆ ಯಾಕೆ ಅಂತೀರಾ? ಕಾರಣವಿದೆ. ಈ ಮಿಷನ್ನಿನ ಒಂದೊಂದು ಭಾಗವೂ ಯಾರೋ ಒಬ್ಬ ಕೆಲಸಗಾರನ ಕಷ್ಟಕ್ಕೆ ಉತ್ತರವಾಗಿ ಹುಟ್ಟಿದ್ದು. ಒಬ್ಬನ ಸೊಂಟ ನೋವು, ಇನ್ನೊಬ್ಬನ ಬೆರಳು, ಮತ್ತೊಬ್ಬನ ಮುಖದ ಗಾಯ. ಯಾವ ಭಾಗ ಯಾಕೆ ಬಂತು ಎಂದು ತಿಳಿದವನಿಗೆ ಯಾವುದನ್ನು ಬಿಡಬಾರದು ಎಂಬುದೂ ತಿಳಿಯುತ್ತದೆ.

ಮೊದಲು ಕೊಯ್ದದ್ದು ಮರವನ್ನಲ್ಲ

ಹಲ್ಲಿರುವ ಸರಪಳಿಯಿಂದ ಕೊಯ್ಯುವ ಯೋಚನೆ ಹುಟ್ಟಿದ್ದು ಕಾಡಿನಲ್ಲಲ್ಲ, ವೈದ್ಯರ ಕೈಯಲ್ಲಿ. 18ನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಜಾನ್ ಐಟ್ಕೆನ್, ಜೇಮ್ಸ್ ಜೆಫ್ರಿ ಎಂಬ ಇಬ್ಬರು ವೈದ್ಯರು ಮೂಳೆ ಕೊಯ್ಯಲು ಸಣ್ಣ ಸರಪಳಿ ಗರಗಸವನ್ನು ಬಳಕೆಗೆ ತಂದರು. ತಾಯಿ ಮಗು ಇಬ್ಬರ ಪ್ರಾಣಕ್ಕೂ ಸಂಚಕಾರ ಬರುವಂಥ ಕಠಿಣ ಹೆರಿಗೆಗಳಿಗೂ, ಕೆಟ್ಟ ಮೂಳೆ ತೆಗೆಯುವುದಕ್ಕೂ ಅದು ಬೇಕಾಗಿತ್ತು. ಅದಕ್ಕೆ ಎಂಜಿನ್ ಇಲ್ಲ, ಏನಿಲ್ಲ. ಎರಡು ತುದಿಗೂ ಹಿಡಿ, ನಡುವೆ ಹಲ್ಲಿನ ಸರಪಳಿ. ರೋಗಿಯ ಪ್ರಜ್ಞೆ ತಪ್ಪಿಸುವ ಮದ್ದು ಇನ್ನೂ ಬಂದಿರದ ಕಾಲ ಅದು. ಕೆಲಸ ಬೇಗ ಮುಗಿಯಬೇಕು, ಸುತ್ತಲಿನ ಮಾಂಸ ಹರಿಯಬಾರದು ಎಂಬುದೇ ಅವರ ಚಿಂತೆ.

1830ರ ಸುಮಾರಿಗೆ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಎಂಬಾತ ಇನ್ನೊಂದು ಹೆಜ್ಜೆ ಮುಂದೆ ಹೋದ. ಚಪ್ಪಟೆ ಪಟ್ಟಿಯೊಂದರ ಅಂಚಿನಲ್ಲಿ ಸರಪಳಿಯನ್ನು ಸುತ್ತ ಕೂರಿಸಿ, ಹಿಡಿ ತಿರುಗಿಸಿದರೆ ಅದು ಓಡುವಂತೆ ಮಾಡಿದ. ನೋಡಿ, ಇಂದಿನ ಮಿಷನ್ನಿನ ಆಕಾರ ಆಗಲೇ ಸಿದ್ಧವಾಯಿತು. ಪಟ್ಟಿ, ಅದರ ಸುತ್ತ ಓಡುವ ಚೈನು. ಈ ಪಟ್ಟಿಯನ್ನೇ ಅಂಗಡಿಯವರು ಬಾರ್ ಅನ್ನುತ್ತಾರೆ.

ಇಬ್ಬರು ಹೊರುವ ಭಾರ

ಮೂಳೆಯಿಂದ ಮರಕ್ಕೆ ಬರಲು ನೂರು ವರ್ಷ ಹಿಡಿಯಿತು. ಮರ ಕೊಯ್ಯಲು ತೋಳಿನ ಬಲ ಸಾಲದು, ಎಂಜಿನ್ ಬೇಕು. ಎಂಜಿನ್ ಎಂದರೆ ಭಾರ. 1926ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಎಂಬಾತ ವಿದ್ಯುತ್ತಿನಿಂದ ಓಡುವ ಚೈನ್ ಗರಗಸ ಮಾಡಿದ. ಅದರ ತೂಕ ಸುಮಾರು 64 ಕಿಲೊ. ಮರುವರ್ಷ 1927ರಲ್ಲಿ ಎಮಿಲ್ ಲೆರ್ಪ್ ಎಂಬ ಇನ್ನೊಬ್ಬ ಜರ್ಮನಿಯವನು ಪೆಟ್ರೋಲಿನ ಗರಗಸವನ್ನು ಡೋಲ್ಮಾರ್ ಎಂಬ ಬೆಟ್ಟದ ಮೇಲೆ ಪರೀಕ್ಷಿಸಿ ನೋಡಿದ. ಆ ಬೆಟ್ಟದ ಹೆಸರನ್ನೇ ತನ್ನ ಮಿಷನ್ನಿಗೂ ಇಟ್ಟ. ಅದು 58 ಕಿಲೊ. 1929ರಲ್ಲಿ ಸ್ಟೀಲ್ ಕೂಡ 6 ಅಶ್ವಶಕ್ತಿಯ ಪೆಟ್ರೋಲ್ ಗರಗಸ ತಂದ. ಅದು 46 ಕಿಲೊ.

46 ಕಿಲೊ ಎಂದರೆ ಹೆಚ್ಚುಕಮ್ಮಿ ಒಂದು ಸಿಮೆಂಟ್ ಚೀಲ. ಎಂಜಿನ್ ಹಿಡಿದು ಒಬ್ಬ, ಬಾರಿನ ತುದಿ ಹಿಡಿದು ಇನ್ನೊಬ್ಬ. ಸಿಮೆಂಟ್ ಚೀಲವನ್ನು ಸೊಂಟದ ಮಟ್ಟದಲ್ಲಿ ಹಿಡಿದು ಕೆಲಸ ಮಾಡುವುದು ಹೇಗಿರುತ್ತದೆ, ನೀವೇ ಯೋಚಿಸಿ. ಅದು ಸಾಲದು ಎಂಬಂತೆ ಆಗಿನ ಕಾರ್ಬ್ಯುರೇಟರಿಗೆ ಪೆಟ್ರೋಲು ಸರಿಯಾಗಿ ಹೋಗಬೇಕಾದರೆ ಅದು ನೆಟ್ಟಗೇ ನಿಂತಿರಬೇಕು. ವಾಲಿಸಿದರೆ ಎಂಜಿನ್ ನಿಂತುಹೋಗುತ್ತಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಯೂಮಿನಿಯಂ, ಮೆಗ್ನೀಸಿಯಂ ಬೆರೆತ ಹಗುರ ಲೋಹದಲ್ಲಿ ಎಂಜಿನ್ನು ಎರಕ ಹೊಯ್ಯುವುದು ಹೆಚ್ಚಾಯಿತು. 1950ರಲ್ಲಿ ಸ್ಟೀಲ್ ಕಂಪೆನಿಯ 16 ಕಿಲೊದ ಗರಗಸ ಬಂತು. ಅದನ್ನು ಒಬ್ಬನೇ ಹಿಡಿಯಬಹುದಿತ್ತು. ಆ ದಶಕದಲ್ಲೇ ಹೊಸ ಬಗೆಯ ಕಾರ್ಬ್ಯುರೇಟರು ಬಳಕೆಗೆ ಬಂದು, ಮಿಷನ್ನನ್ನು ಅಡ್ಡ, ಉದ್ದ, ಓರೆ ಹೇಗೆ ತಿರುಗಿಸಿದರೂ ಎಂಜಿನ್ ಓಡುವಂತಾಯಿತು. 1959ರಲ್ಲಿ ಅದೇ ಕಂಪೆನಿಯ ಕಾಂಟ್ರಾ ಎಂಬ ಮಿಷನ್ ಬಂತು. ಶಕ್ತಿ ಅದೇ 6 ಅಶ್ವಶಕ್ತಿ. ತೂಕ ಮಾತ್ರ 12 ಕಿಲೊ. ಮೂವತ್ತು ವರ್ಷದಲ್ಲಿ ಮಿಷನ್ನಿನ ಬಲ ಹಾಗೇ ಉಳಿಯಿತು, ಮನುಷ್ಯ ಹೊರುವ ಭಾರ ಕಾಲು ಪಾಲಿಗೆ ಇಳಿಯಿತು.

ಇದರಿಂದ ನಾವು ತಿಳಿಯಬೇಕಾದ ಮಾತೇನು? ಭಾರ ಇಳಿಸಲು ಅವರು ಮೂವತ್ತು ವರ್ಷ ಹೆಣಗಿದರು. ನಾವು ಅಂಗಡಿಗೆ ಹೋಗಿ ಬೇಡದ ಭಾರವನ್ನು ದುಡ್ಡು ಕೊಟ್ಟು ತರಬಾರದು.

ಹುಳು ಹೇಳಿಕೊಟ್ಟ ಹಲ್ಲು

ಈಗ ಈ ಚರಿತ್ರೆಯ ಮುಖ್ಯ ಭಾಗಕ್ಕೆ ಬರೋಣ. ಎಂಜಿನ್ ಬಂತು, ಹಗುರವೂ ಆಗುತ್ತಿತ್ತು. ಆದರೆ ಚೈನಿನ ಹಲ್ಲು ಮಾತ್ರ ಹಳೆಯ ಗರಗಸದ ಹಲ್ಲೇ. ಕೈಗರಗಸದ ಹಲ್ಲು ಮರವನ್ನು ಗೀಚುತ್ತದೆ, ಕೆರೆಯುತ್ತದೆ. ಕೈಯಿಂದ ನಿಧಾನವಾಗಿ ಎಳೆಯುವಾಗ ಅದು ನಡೆಯುತ್ತದೆ. ಎಂಜಿನ್ ವೇಗಕ್ಕೆ ಕಟ್ಟಿದಾಗ ಅದು ನುಣ್ಣನೆ ಹುಡಿ ಉದುರಿಸುತ್ತ ಬೇಗ ಮೊಂಡಾಗುತ್ತಿತ್ತು. ಕೊಯ್ದಷ್ಟೇ ಹೊತ್ತು ಅರ ಹಿಡಿದು ಉಜ್ಜುತ್ತ ಕೂರಬೇಕಾಗುತ್ತಿತ್ತು.

ಅಮೆರಿಕದ ಆರಿಗನ್ ಸೀಮೆಯಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವ ಕಸುಬಿನವನಿದ್ದ. 1946ರಲ್ಲಿ ಒಂದು ದಿನ ಆತ ನಮ್ಮ ಹಾಗೆಯೇ ಮನೆಗೆ ಸೌದೆ ಒಡೆಯುತ್ತಿದ್ದ. ಆಗ ಒಂದು ಮರದ ಮೋಟಿನಲ್ಲಿ ಬೆರಳು ಗಾತ್ರದ ಹುಳುವೊಂದು ಗಟ್ಟಿ ಮರವನ್ನು ಕೊರೆಯುತ್ತಿರುವುದು ಕಣ್ಣಿಗೆ ಬಿತ್ತು. ಉದ್ದ ನೋಡುವುದಿಲ್ಲ, ಅಡ್ಡ ನೋಡುವುದಿಲ್ಲ, ಮರದ ಎಳೆ ಹೇಗೇ ಇರಲಿ, ಸಲೀಸಾಗಿ ತಿಂದುಕೊಂಡು ಹೋಗುತ್ತಿತ್ತು. ಕಾಫಿ ತೋಟದವರಿಗೆ ಬಿಳಿ ಕಾಂಡಕೊರಕ ಗೊತ್ತಲ್ಲ, ಅದೇ ಕುಟುಂಬಕ್ಕೆ ಸೇರಿದ ದುಂಬಿಯ ಮರಿಹುಳು ಇದು. ನಾವು ಅದನ್ನು ಕಂಡರೆ ಶಾಪ ಹಾಕುತ್ತೇವೆ. ಕಾಕ್ಸ್ ಅದರ ಬಾಯಿ ನೋಡಿದ.

ಹುಳುವಿನ ದವಡೆ ಎರಡು. ಒಂದು ಎಡಕ್ಕೆ, ಒಂದು ಬಲಕ್ಕೆ, ಕುಡುಗೋಲಿನ ಹಾಗೆ ಒಳಕ್ಕೆ ಬಾಗಿವೆ. ಅದು ಮರವನ್ನು ಗೀಚುವುದಿಲ್ಲ, ಚಕ್ಕೆ ಚಕ್ಕೆಯಾಗಿ ಕತ್ತರಿಸುತ್ತದೆ. ಕಾಕ್ಸ್ ಅದೇ ಆಕಾರವನ್ನು ಉಕ್ಕಿನಲ್ಲಿ ಇಳಿಸಿದ. ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ, ತಲೆ ಬಾಗಿದ ಹಲ್ಲುಗಳ ಚೈನು. 1947ರಲ್ಲಿ ಪೋರ್ಟ್‌ಲೆಂಡ್ ಪಟ್ಟಣದಲ್ಲಿ ಅದನ್ನು ತಯಾರಿಸಿ ಮಾರತೊಡಗಿದ. ಇಂದು ಜಗತ್ತಿನಲ್ಲಿ ಓಡುವ ಚೈನುಗಳಲ್ಲಿ ಬಹುಪಾಲು ಆ ಹಲ್ಲಿನ ಸಂತಾನವೇ.

ಇದನ್ನು ನೆನಪಿಡಿ. ಒಳ್ಳೆಯ ಎಂಜಿನ್ ಇದ್ದರೂ ಕೆಟ್ಟ ಹಲ್ಲಿನಿಂದ ಕೆಲಸ ಸಾಗಲಿಲ್ಲ. ಮರ ಕೊಯ್ಯುವುದು ಎಂಜಿನ್ ಅಲ್ಲ, ಹಲ್ಲು. ಎಂಜಿನ್ನು ಹಲ್ಲನ್ನು ಓಡಿಸುವ ಎತ್ತು, ಅಷ್ಟೆ. ನೇಗಿಲ ಗುಳ ಸವೆದಿದ್ದರೆ ಎತ್ತನ್ನು ಹೊಡೆದು ಏನು ಫಲ?

ಬಿಳಿಚಿದ ಬೆರಳು, ಹಿಂದಕ್ಕೆ ಹಾರಿದ ಬಾರು

ಮಿಷನ್ ಹಗುರವಾಯಿತು, ಹಲ್ಲು ಹರಿತವಾಯಿತು. ಆಮೇಲೆ ಇನ್ನೊಂದು ತೊಂದರೆ ತಲೆ ಹಾಕಿತು. ದಿನವೆಲ್ಲ ಮಿಷನ್ ಹಿಡಿದವರ ಬೆರಳು ಚಳಿಯಲ್ಲಿ ಬೆಳ್ಳಗೆ ಬಿಳಿಚಿ ಜೋಮು ಹಿಡಿಯತೊಡಗಿತು. ಎಂಜಿನ್ನಿನ ನಡುಕ ಹಿಡಿಕೆಯಿಂದ ಕೈಗೆ ಇಳಿದು, ಬೆರಳಿನ ರಕ್ತನಾಳ, ನರ ಎರಡನ್ನೂ ಕೆಡಿಸುತ್ತಿತ್ತು. 1960ರ ದಶಕದಲ್ಲಿ ಯೂರೋಪಿನಲ್ಲೂ ಜಪಾನಿನಲ್ಲೂ ಕಾಡಿನ ಕೆಲಸಗಾರರಲ್ಲಿ ಇದು ದೊಡ್ಡ ಸಂಕಟವಾಯಿತು. ಅದೇ ದಶಕದಲ್ಲಿ ಹಿಡಿಕೆಗೂ ಎಂಜಿನ್ನಿಗೂ ನಡುವೆ ರಬ್ಬರು ಕೂರಿಸಿ ನಡುಕ ತಡೆಯುವ ಏರ್ಪಾಡು ಬಂತು. ಈಗಿನ ಕೆಲವು ಮಿಷನ್ನುಗಳಲ್ಲಿ ರಬ್ಬರಿನ ಬದಲು ಸ್ಪ್ರಿಂಗ್ ಇರುತ್ತದೆ.

ಇದಕ್ಕಿಂತ ಘೋರವಾದದ್ದು ಮಿಷನ್ ಹಿಂದಕ್ಕೆ ಒದೆಯುವುದು. ಬಾರಿನ ತುದಿಯ ಮೇಲ್ಭಾಗ ಯಾವುದಾದರೂ ಕೊಂಬೆಗೆ, ದಿಮ್ಮಿಗೆ ತಗಲಿತು ಅನ್ನಿ. ಓಡುವ ಹಲ್ಲು ಅಲ್ಲಿ ಕಚ್ಚಿ ಸಿಕ್ಕಿಕೊಳ್ಳುತ್ತದೆ. ಮರ ಜರುಗುವುದಿಲ್ಲ. ಹಾಗಾಗಿ ಇಡೀ ಮಿಷನ್ನೇ ಮೇಲಕ್ಕೆದ್ದು ಹಿಡಿದವನ ಮುಖದ ಕಡೆ, ಕುತ್ತಿಗೆಯ ಕಡೆ ಹಾರುತ್ತದೆ. ಚೈನು ಪೂರ್ತಿ ವೇಗದಲ್ಲಿದ್ದಾಗ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತಿರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ಮುಂದಿನ ಹಿಡಿಕೆಯ ಎದುರಿಗೆ ಇರುವ ಅಡ್ಡಗುರಾಣಿ ಬಂದದ್ದು ಇದಕ್ಕಾಗಿ. ಮಿಷನ್ ಹಿಂದಕ್ಕೆ ಹಾರಿದಾಗ ಕೈ ಅದಕ್ಕೆ ತಗಲಿ ಚೈನು ನಿಲ್ಲುತ್ತದೆ. ಇದಕ್ಕೆ ಚೈನ್ ಬ್ರೇಕ್ ಎಂದು ಹೆಸರು. ಸ್ವೀಡನ್ನಿನ ಹಸ್ಕ್‌ವರ್ನಾ ಕಂಪೆನಿ 1689ರಲ್ಲಿ ಕೋವಿ ಮಾಡಲು ಶುರುವಾದದ್ದು, ಮುಂದೆ ಹೊಲಿಗೆ ಯಂತ್ರ, ಮೋಟಾರ್ ಸೈಕಲ್ಲು ಮಾಡಿ, 1959ರಲ್ಲಿ ಚೈನ್ ಗರಗಸಕ್ಕೆ ಬಂತು. ಆ ಕಂಪೆನಿ 1973ರಲ್ಲಿ, ಕೈ ತಗಲದಿದ್ದರೂ ಒದೆತದ ರಭಸಕ್ಕೆ ತಾನಾಗಿ ಬೀಳುವ ಬ್ರೇಕನ್ನು ತಂದಿತು.

ಅಂಗಡಿಯಲ್ಲಿ ಯಾರಾದರೂ “ಬ್ರೇಕ್ ಯಾಕೆ ಸ್ವಾಮಿ, ಕಡಿಮೆ ರೇಟಿನದು ತಗೊಳ್ಳಿ” ಎಂದರೆ ಈ ಚರಿತ್ರೆ ನೆನಪಿಗೆ ಬರಲಿ. ಅದು ಅಲಂಕಾರಕ್ಕೆ ಇಟ್ಟದ್ದಲ್ಲ. ನಾಳೆ ಆ ಮಿಷನ್ ಹಿಡಿಯುವವನು ನಿಮ್ಮ ಮಗನೇ ಆಗಿರಬಹುದು, ನಿಮ್ಮ ಮನೆಯನ್ನು ನಂಬಿ ಬಂದ ಕೂಲಿಯವನೇ ಆಗಿರಬಹುದು.

ಹಾಗಾದರೆ ಯಾವುದನ್ನು ತರೋಣ?

ಎಂಜಿನ್ನಿನ ಗಾತ್ರವನ್ನು ಸಿ.ಸಿ. ಲೆಕ್ಕದಲ್ಲಿ ಹೇಳುತ್ತಾರೆ. 40 ಸಿ.ಸಿ.ಯೊಳಗಿನದು ಸಣ್ಣದು, ಕೊಂಬೆ ಸವರುವುದಕ್ಕೆ ಸರಿ. 70 ಸಿ.ಸಿ. ಮೇಲಿನದು ದೊಡ್ಡ ದಿಮ್ಮಿ ಉರುಳಿಸುವ ಕಸುಬಿನವರಿಗೆ. ಮನೆಯ ಸೌದೆಗೆ 45ರಿಂದ 60 ಸಿ.ಸಿ.ವರೆಗಿನ ನಡುಗಾತ್ರದ್ದು ಸಾಕು. ಬಾರ್, ಚೈನು ಬಿಟ್ಟು ಅದರ ತೂಕ 5ರಿಂದ 6 ಕಿಲೊ. ಬಾರಿನ ಉದ್ದ 16 ಅಥವಾ 18 ಅಂಗುಲ ಇದ್ದರೆ ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಬಳ್ಳಾರಿ ಜಾಲಿ ಎಲ್ಲಕ್ಕೂ ಸಾಲುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ನಡುಗಾತ್ರದ ಎಂಜಿನ್ನಿಗೆ 22 ಅಂಗುಲದ ಬಾರ್ ಹಾಕಿ ಕೊಡುವುದುಂಟು. ನೋಡಲು ಗತ್ತು. ಆದರೆ ಉದ್ದವಾದಷ್ಟೂ ಉಜ್ಜಬೇಕಾದ ಹಲ್ಲು ಹೆಚ್ಚು, ಎಂಜಿನ್ನಿಗೆ ಹೊರೆ ಹೆಚ್ಚು, ಬಾರಿನ ತುದಿ ನಿಮ್ಮ ಕಣ್ಣಿನಿಂದ ದೂರ. ಒದೆಯುವುದು ಆ ತುದಿಯೇ, ಮರೆಯಬೇಡಿ.

ಇನ್ನು ಚೈನು. ಮೂರು ಲೆಕ್ಕ ಕೂಡಿ ಬರಬೇಕು. ಒಂದು, ಕೊಂಡಿಯ ಅಳತೆ. ಅಕ್ಕಪಕ್ಕದ ಮೂರು ರಿವೀಟುಗಳಲ್ಲಿ ಮೊದಲನೆಯದರಿಂದ ಮೂರನೆಯದರವರೆಗೆ ಅಳೆದು ಅರ್ಧ ಮಾಡಿದರೆ ಅದು ಸಿಗುತ್ತದೆ. ನಡುಗಾತ್ರದ ಮಿಷನ್ನಿಗೆ ಸಾಮಾನ್ಯವಾಗಿ 0.325 ಅಂಗುಲ ಅಥವಾ 3/8 ಅಂಗುಲ. ಎರಡು, ಬಾರಿನ ಕಾಲುವೆಯಲ್ಲಿ ಕೂರುವ ಕೆಳಕೊಂಡಿಯ ದಪ್ಪ. 0.050, 0.058, 0.063 ಅಂಗುಲ ಹೀಗೆ ಇರುತ್ತದೆ. ಮೂರು, ಆ ಕೆಳಕೊಂಡಿಗಳ ಎಣಿಕೆ. ಈ ಲೆಕ್ಕ ಸಾಮಾನ್ಯವಾಗಿ ಬಾರಿನ ಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ಬರೆದುಕೊಂಡು ಮನೆಯ ಗೋಡೆಗೆ ಅಂಟಿಸಿ. ಒಂದು ತಪ್ಪಿದರೂ ಹೊಸ ಚೈನು ಕೂರುವುದಿಲ್ಲ. ಕೂತರೂ ಜಾರಿ ಕಳಚಿಕೊಳ್ಳುತ್ತದೆ.

ಹಲ್ಲಿನಲ್ಲಿ ಎರಡು ಮುಖ್ಯ ಬಗೆ. ಒಂದರ ಮೂಲೆ ಉಳಿಯಂತೆ ಚೌಕವಾಗಿ ಚೂಪಾಗಿರುತ್ತದೆ. ಶುಚಿಯಾದ, ಮೆತ್ತನೆಯ ಹಸಿಮರದಲ್ಲಿ ಅದರ ಓಟವೇ ಓಟ. ಆದರೆ ಮಣ್ಣು ತಗಲಿದರೆ ಬೇಗ ಸೋಲುತ್ತದೆ. ಇನ್ನೊಂದರ ಮೂಲೆ ಸ್ವಲ್ಪ ದುಂಡು. ಓಟ ತುಸು ಕಡಿಮೆ, ಹರಿತ ಹೆಚ್ಚು ಕಾಲ ನಿಲ್ಲುತ್ತದೆ. ನಮ್ಮ ಸೌದೆ ಎಂದರೆ ಏನು? ಒಣಗಿದ ಜಾಲಿ, ನೆಲದ ಮೇಲೆ ಎಳೆದು ತಂದ ನೀಲಗಿರಿ, ಮಣ್ಣು ಮೆತ್ತಿದ ಬೊಡ್ಡೆ. ಇದಕ್ಕೆ ದುಂಡು ಮೂಲೆಯ ಚೈನೇ ಸರಿ. ಅಂಗಡಿಯಲ್ಲಿ ಸೆಮಿ ಚಿಸೆಲ್ ಎಂದು ಕೇಳಿ. ಒಂದಲ್ಲ, ಎರಡು ಚೈನು ತನ್ನಿ.

ಹಣ ಕೊಡುವ ಮುಂಚೆ ಇನ್ನೊಂದು ಮಾತು ಕೇಳಿ: “ಇದರ ಚೈನು, ಬಾರ್, ಬಿಡಿಭಾಗ ನಮ್ಮ ತಾಲ್ಲೂಕಿನಲ್ಲಿ ಸಿಗುತ್ತದೆಯೆ? ಕೆಟ್ಟರೆ ರಿಪೇರಿ ಮಾಡುವವರು ಯಾರು?” ಉತ್ತರ ತಡವರಿಸಿದರೆ ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ.

ತಂದ ಮೇಲೆ ಸಾಕಬೇಕು

ಹಸು ತಂದರೆ ಸಾಲದು, ಸಾಕಬೇಕಲ್ಲವೆ? ಇದೂ ಹಾಗೆಯೇ. ಈ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿ ಇಲ್ಲ. ಹಾಗಾಗಿ ಪೆಟ್ರೋಲಿಗೇ ಟೂ ಸ್ಟ್ರೋಕ್ ಎಣ್ಣೆ ಬೆರೆಸಬೇಕು. ಹೆಚ್ಚಿನವಕ್ಕೆ ಲೀಟರಿಗೆ 20 ಮಿಲಿ, ಕೆಲವಕ್ಕೆ 40 ಮಿಲಿ. ಮಿಷನ್ ಜೊತೆ ಬಂದ ಪುಸ್ತಕದಲ್ಲಿ ಬರೆದಷ್ಟೇ ಹಾಕಿ. ಬರೀ ಪೆಟ್ರೋಲು ಹಾಕಿ ಓಡಿಸಿದರೆ ಪಿಸ್ಟನ್ ಹಿಡಿದುಕೊಂಡು ಎಂಜಿನ್ ಹಾಳು. ಚೈನಿಗೆ ಸುರಿಯುವ ಎಣ್ಣೆಯ ತೊಟ್ಟಿ ಬೇರೆ. ಪೆಟ್ರೋಲು ತುಂಬಿದಾಗಲೆಲ್ಲ ಅದನ್ನೂ ತುಂಬಿ.

ಹರಿತ ಹೋದದ್ದು ಹೇಗೆ ತಿಳಿಯುತ್ತದೆ? ಕಾಕ್ಸನ ಹುಳುವನ್ನು ನೆನೆಯಿರಿ. ಕೊಯ್ಯುವಾಗ ಚಕ್ಕೆ ಬಿದ್ದರೆ ಹಲ್ಲು ಹರಿತ. ಹಿಟ್ಟಿನಂಥ ಹುಡಿ ಬಿದ್ದರೆ ಮೊಂಡು. ಮೊಂಡಾದ ಮೇಲೆ ಮೈಭಾರ ಹಾಕಿ ಒತ್ತಬೇಡಿ, ನಿಲ್ಲಿಸಿ ಅರ ಹಿಡಿಯಿರಿ. 0.325 ಅಂಗುಲದ ಚೈನಿಗೆ 3/16 ಅಂಗುಲದ ಗುಂಡು ಅರ, 3/8 ಅಂಗುಲದ ಚೈನಿಗೆ 7/32 ಅಂಗುಲದ್ದು. ಎಂಜಿನ್ ಆರಿಸಿ, ಹಲ್ಲಿನ ಒಳಗಿನಿಂದ ಹೊರಕ್ಕೆ ಒಂದೇ ದಿಕ್ಕಿಗೆ ತಳ್ಳಿ. ಓರೆ ಸಾಮಾನ್ಯವಾಗಿ 30 ಡಿಗ್ರಿ. ಒಂದು ಹಲ್ಲಿಗೆ ಮೂರು ಸಲ ಉಜ್ಜಿದರೆ ಎಲ್ಲ ಹಲ್ಲಿಗೂ ಮೂರೇ ಸಲ. ಒಂದು ಕಡೆಯ ಹಲ್ಲು ಗಿಡ್ಡವಾದರೆ ಕೊಯ್ತ ಆ ಕಡೆ ಈ ಕಡೆ ಸೊಟ್ಟ ಹೋಗುತ್ತದೆ. ಹಲ್ಲಿನ ಮುಂದಿರುವ ಗಿಡ್ಡ ಮೊಳೆಯಂಥ ಭಾಗ ಎಷ್ಟು ಆಳಕ್ಕೆ ಕಚ್ಚಬೇಕೆಂದು ಅಳತೆ ಮಾಡಿ ಕೊಡುವಂಥದ್ದು. ಅದು ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿದ್ದರೆ ಸಾಕು. ಬೇಗ ಕೊಯ್ಯಲಿ ಎಂದು ಅದನ್ನು ಜಾಸ್ತಿ ಉಜ್ಜಿದಿರೋ, ಮಿಷನ್ ಒದೆಯುವುದೂ ಜಾಸ್ತಿಯಾಗುತ್ತದೆ.

ಪಂಚೆ, ಲುಂಗಿ, ಇಳಿಬಿದ್ದ ಟವೆಲು ಬೇಡ. ಬಿಗಿಯಾದ ಪ್ಯಾಂಟು, ಗಟ್ಟಿ ಬೂಟು, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಬೇಕು. ಚೈನಿಗೆ ಸಿಕ್ಕಿ ಅದನ್ನು ತಡೆಯುವ ನಾರಿನ ಕಾಲುಗವಸು ಸಿಕ್ಕರೆ ಇನ್ನೂ ಒಳ್ಳೆಯದು. ಎರಡೂ ಕೈಯಲ್ಲಿ ಹಿಡಿಯಿರಿ. ಹೆಗಲಿನಿಂದ ಮೇಲಕ್ಕೆ ಎತ್ತಿ ಕೊಯ್ಯಬೇಡಿ. ಏಣಿ ಹತ್ತಿ ಕೊಯ್ಯಲೇಬೇಡಿ. ಮಕ್ಕಳು ಸುತ್ತ ಸುಳಿಯಕೂಡದು. ಒಬ್ಬರೇ ತೋಟದೊಳಗೆ ಹೋಗಿ ಕೊಯ್ಯಬೇಡಿ. ಕೂಗಿದರೆ ಕೇಳುವಷ್ಟು ಹತ್ತಿರ ಇನ್ನೊಬ್ಬರಿರಲಿ.

ಕೊನೆಗೊಂದು ಮಾತು. ಮಿಷನ್ ಕೈಗೆ ಬಂದಾಗ ಮರಗಳೆಲ್ಲ ಸೌದೆಯಾಗಿಯೇ ಕಾಣತೊಡಗುತ್ತವೆ. ಕೊಡಲಿಗೆ ದಣಿವಿತ್ತು, ಆ ದಣಿವೇ ಮರಕ್ಕೆ ಕಾವಲಾಗಿತ್ತು. ಮಿಷನ್ನಿಗೆ ದಣಿವಿಲ್ಲ. ಆದ್ದರಿಂದ ಕಾವಲು ನಮ್ಮ ಮನಸ್ಸಿನಲ್ಲಿರಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಸ್ವಂತ ಜಮೀನಿನ ಮರವಾದರೂ ಕಡಿಯಲು ಅಪ್ಪಣೆ ಬೇಕು. ಕೆಲವು ಜಾತಿಗೆ ವಿನಾಯಿತಿ ಉಂಟು. ನಿಮ್ಮ ಮರ ಯಾವ ಪಟ್ಟಿಯಲ್ಲಿದೆ ಎಂದು ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲು ಕೇಳಿ, ಆಮೇಲೆ ಮಿಷನ್ ಚಾಲು ಮಾಡಿ. ಒಂದು ಕೊಯ್ದಲ್ಲಿ ಎರಡು ನೆಡಿ.

ಸಿಮೆಂಟ್ ಚೀಲದಷ್ಟು ಭಾರವಿದ್ದದ್ದು ಇಂದು ಒಂದು ಕೊಡ ನೀರಿಗಿಂತ ಹಗುರವಾಗಿ ನಮ್ಮ ಕೈಗೆ ಬಂದಿದೆ. ಅದರ ಹಿಂದೆ ಎಷ್ಟೋ ಜನರ ನಡುವಿನ ನೋವಿದೆ, ಬೆರಳಿನ ನೋವಿದೆ. ಅವರು ಪಟ್ಟ ಪಾಡನ್ನು ನಾವು ಮತ್ತೆ ಪಡಬೇಕಾಗಿಲ್ಲ. ನಡುಗಾತ್ರದ ಮಿಷನ್ನು, ಅಳತೆಗೆ ಸರಿಯಾದ ಚೈನು, ಕೆಲಸ ಮಾಡುವ ಬ್ರೇಕು, ಜೇಬಿನಲ್ಲೊಂದು ಗುಂಡು ಅರ. ಇಷ್ಟಿದ್ದರೆ ಸೌದೆಯೂ ಮನೆಗೆ ಬರುತ್ತದೆ, ಕೊಯ್ದವನೂ ಕ್ಷೇಮವಾಗಿ ಮನೆಗೆ ಬರುತ್ತಾನೆ. ಎರಡನೆಯದು ಮುಖ್ಯ.